ಗೋಡೆಗೆ ವಾರಂಟಿ, ಏಣಿಗೆ ದೇವರು

ಮನೆಗೆ ಬಣ್ಣ ಹೊಡೆಸಲು ಹೊರಟ ಗೃಹಸ್ಥನಷ್ಟು ಜಾಗರೂಕ ಜೀವಿ ಬೆಂಗಳೂರಿನಲ್ಲಿ ಮತ್ತೊಂದಿಲ್ಲ. ಶೇಡ್ ಕಾರ್ಡನ್ನು ಟ್ಯೂಬ್‌ಲೈಟಿನ ಕೆಳಗೊಮ್ಮೆ, ಬಿಸಿಲಿನಲ್ಲೊಮ್ಮೆ, ಷಡ್ಡಕನ ಮನೆಯ ಗೋಡೆ ಪಕ್ಕದಲ್ಲೊಮ್ಮೆ ಹಿಡಿದು ನೋಡುತ್ತಾನೆ. ಬಿಳಿಯಲ್ಲೂ ನಾನಾ ಜಾತಿಗಳಿವೆ ಎಂಬ ಜ್ಞಾನ ಆ ವಾರದಲ್ಲೇ ಆಗಬೇಕು. ಡಬ್ಬದ ಸೀಲು ತನ್ನೆದುರೇ ಒಡೆಯಬೇಕು. ಡಬ್ಬದೊಳಗೆ ಪೇಂಟರಿಗೆಂದು ಕಂಪನಿ ಇಟ್ಟಿರುವ ಟೋಕನ್ ಒಂದಿರುತ್ತದೆ ಎಂದು ತಿಳಿದ ರಾತ್ರಿ ಅವನಿಗೆ ನಿದ್ದೆ ಹತ್ತುವುದಿಲ್ಲ. ಪ್ರೈಮರಿಗೆ ನೀರು ಎಷ್ಟು ಬೆರೆಸಿದರು, ಎರಡು ಕೋಟ್ ಹೊಡೆದರೋ ಒಂದೂವರೆಗೆ ಕೈ ತೊಳೆದರೋ, ಸ್ವಿಚ್‌ಬೋರ್ಡಿನ ಅಂಚಿನಲ್ಲಿ ಬ್ರಷ್ ಆಡಿತೋ ಇಲ್ಲವೋ, ಎಲ್ಲಕ್ಕೂ ಅವನ ಬಳಿ ಲೆಕ್ಕವಿದೆ. ಕೆಲಸ ಮುಗಿದ ಮೇಲೆ ಗೋಡೆಯ ವಾರಂಟಿ ಕಾರ್ಡು ಬೀರುವಿನೊಳಗೆ, ಮನೆಪತ್ರದ ಜೊತೆಗೇ ಭದ್ರವಾಗಿ ಕೂರುತ್ತದೆ.

ಇಷ್ಟೆಲ್ಲ ವಿಚಾರಿಸಿದವನು ವಿಚಾರಿಸದೆ ಬಿಡುವುದು ಏಣಿಯನ್ನು ಮಾತ್ರ.

ಏಣಿ ಬರುವುದು ಬೆಳಿಗ್ಗೆ ಒಂಬತ್ತಕ್ಕೆ, ಲಗೇಜ್ ಆಟೋದ ನೆತ್ತಿಯ ಮೇಲೆ, ತುದಿಗೊಂದು ಕೆಂಪು ಬಟ್ಟೆ ಕಟ್ಟಿಸಿಕೊಂಡು. ಆ ಕೆಂಪು ಬಟ್ಟೆ ಹಿಂದೆ ಬರುವ ಗಾಡಿಯವರಿಗಾಗಿ. ಏಣಿ ತನ್ನ ಜೀವಮಾನದಲ್ಲಿ ಕಾಣುವ ಸುರಕ್ಷತಾ ಕ್ರಮ ಅದೊಂದೇ, ಅದೂ ಮಲಗಿದ್ದಾಗ. ಇಳಿಸಿ ನಿಲ್ಲಿಸಿದ ಮೇಲೆ ಒಮ್ಮೆ ಹತ್ತಿರ ಹೋಗಿ ನೋಡಿ. ಬಿದಿರಿನದಾದರೆ ಅದರ ಮೈಮೇಲೆ ಈವರೆಗೆ ಬಣ್ಣ ಕಂಡ ಎಲ್ಲ ಮನೆಗಳ ಚರಿತ್ರೆ ಇರುತ್ತದೆ: ಯಾವುದೋ ಕಲ್ಯಾಣಮಂಟಪದ ಗುಲಾಬಿ, ಯಾವುದೋ ಶಾಲೆಯ ಹಳದಿ, ಅದರ ಕೆಳಗೆ ಹಳೆಯ ಸುಣ್ಣ. ನಾಲ್ಕನೆಯ ಮೆಟ್ಟಿಲು ಇರಬೇಕಾದ ಕಡೆ ನೈಲಾನ್ ಹಗ್ಗದ ನಾಲ್ಕು ಸುತ್ತು. ಬಿದಿರು ಸೀಳಿದ ಕಡೆ ಬೈಂಡಿಂಗ್ ವೈರು. ಒಂದು ಕಾಲಿಗೆ ಸ್ಕೂಟರ್ ಟ್ಯೂಬಿನ ತುಂಡು, ಇನ್ನೊಂದಕ್ಕೆ ಗೋಣಿಚೀಲ. ಎರಡು ಕಾಲು ಸಮ ಇಲ್ಲದ್ದಕ್ಕೆ ಕೆಳಗೊಂದು ಒಡೆದ ಟೈಲು. ಬುಡ ಹಿಡಿಯಲು ಒಬ್ಬ ಹುಡುಗ. ಅವನ ಒಂದು ಕೈ ಏಣಿಯ ಮೇಲೆ, ಇನ್ನೊಂದು ಕೈ ಮತ್ತು ಎರಡೂ ಕಣ್ಣು ಮೊಬೈಲಿನ ಮೇಲೆ.

ನಮ್ಮ ದೇಶದಲ್ಲಿ ಏಣಿಗೆ ನಿಯಮವಿಲ್ಲ ಎಂದುಕೊಳ್ಳಬೇಡಿ. ಭಾರತೀಯ ಮಾನಕ ಬ್ಯೂರೋದ ಐ.ಎಸ್. 3696 ಇದೆ. ಅದರ ಮೊದಲ ಭಾಗ ಸಾರುವೆಗೆ, ಎರಡನೆಯ ಭಾಗ ಏಣಿಗೆಂದೇ ಮೀಸಲು. ಬೆಲ್ಟು, ಹಾರ್ನೆಸ್‌ಗಳಿಗೆ ಬೇರೆಯೇ ಮಾನಕ, ಐ.ಎಸ್. 3521. ಬ್ಯೂರೋದವರು ಏಣಿಯನ್ನು ನೋಡಿಯೇ ಬರೆದಿರಬೇಕು. ಏಣಿ ಮಾತ್ರ ಅವರು ಬರೆದದ್ದನ್ನು ನೋಡಿದಂತಿಲ್ಲ.

ಏಣಿ ವಾಲಿಸುವುದಕ್ಕೆ ಜಗತ್ತೆಲ್ಲ ಒಪ್ಪಿದ ಲೆಕ್ಕವೊಂದಿದೆ. ಏಣಿ ಗೋಡೆಗೆ ಒರಗುವ ಜಾಗ ನಾಲ್ಕು ಅಡಿ ಎತ್ತರವಿದ್ದರೆ ಬುಡ ಗೋಡೆಯಿಂದ ಒಂದು ಅಡಿ ಆಚೆ ಇರಬೇಕು. ಹಾಗಿಟ್ಟರೆ ಕೋನ ಹೆಚ್ಚುಕಡಿಮೆ 75 ಡಿಗ್ರಿ. ಅದಕ್ಕಿಂತ ಮಲಗಿಸಿದರೆ ಬುಡ ಜಾರುತ್ತದೆ, ನೆಟ್ಟಗಾದರೆ ಏಣಿ ಹಿಂದಕ್ಕೆ ಮಗುಚುತ್ತದೆ. ಈಗ ಈ ಲೆಕ್ಕವನ್ನು ನಮ್ಮ 30x40ರ ಸೈಟಿಗೆ ತನ್ನಿ. ಎರಡನೆಯ ಮಹಡಿಯ ಕಿಟಕಿಯ ಸಜ್ಜಾ 24 ಅಡಿ ಎತ್ತರದಲ್ಲಿದೆ. ಏಣಿಯ ಬುಡ ಗೋಡೆಯಿಂದ ಆರು ಅಡಿ ಆಚೆ ಇರಬೇಕು. ಆರು ಅಡಿ ಎಲ್ಲಿದೆ ಸ್ವಾಮಿ? ಪ್ಲಾನಿನಲ್ಲಿ ಮೂರು ಅಡಿ ಬಿಟ್ಟಿದ್ದೆವು. ಕಟ್ಟುವಾಗ ಅದು ಒಂದೂವರೆ ಆಯಿತು. ಆ ಒಂದೂವರೆಯಲ್ಲಿ ನೀರಿನ ಪೈಪು, ಸತ್ತ ವಾಷಿಂಗ್ ಮೆಷಿನ್ನು ಮತ್ತು ತುಳಸಿ ಕುಂಡ ಇವೆ. ಆರನೆಯ ಅಡಿ ಪಕ್ಕದವರ ದೇವರಮನೆಯೊಳಗೆ ಬರುತ್ತದೆ. ಹೀಗಾಗಿ ನಮ್ಮ ಏಣಿ ಗೋಡೆಗೆ ಒರಗುವುದಿಲ್ಲ, ಗೋಡೆಯ ಪಕ್ಕದಲ್ಲಿ ಅಟೆನ್ಷನ್‌ನಲ್ಲಿ ನಿಲ್ಲುತ್ತದೆ. ಸೆಟ್‌ಬ್ಯಾಕು ನುಂಗಿದವನಿಗೆ ನಗರಪಾಲಿಕೆ ನೋಟಿಸು ಕೊಡದೆ ಇರಬಹುದು. ಆ ನೋಟಿಸಿನ ಬಟವಾಡೆ ವರ್ಷಗಳಾದ ಮೇಲೆ ಪೇಂಟರಿನ ಬೆನ್ನಿಗೆ ಆಗುತ್ತದೆ.

ಮನೆಯ ಮುಂಭಾಗದಲ್ಲಿ ಜಾಗವೇನೋ ಇದೆ. ಅಲ್ಲಿ ಕರೆಂಟು ತಂತಿಯೂ ಇದೆ. 11 ಕಿಲೋವೋಲ್ಟ್ ತಂತಿಗೂ ಕಟ್ಟಡಕ್ಕೂ ಅಡ್ಡಕ್ಕೆ ಕನಿಷ್ಠ 1.2 ಮೀಟರ್ ಅಂತರ ಇರಬೇಕು ಎನ್ನುತ್ತದೆ ನಿಯಮ. ತಂತಿ ಬಹುಮಟ್ಟಿಗೆ ನಿಯಮ ಪಾಲಿಸಿ ನಿಂತಲ್ಲೇ ನಿಂತಿತ್ತು. ಬಾಲ್ಕನಿ ತಾನೇ ಮುಂದೆ ನಡೆದು ಅದರ ಹತ್ತಿರ ಹೋಯಿತು. ಅಲ್ಲಿಗೆ ಅಲ್ಯೂಮಿನಿಯಂ ಏಣಿ ತರುತ್ತೇವೆ, ಹಗುರ ಎಂಬ ಕಾರಣಕ್ಕೆ. ಅಲ್ಯೂಮಿನಿಯಂನಲ್ಲಿ ಕರೆಂಟು ಹರಿಯುತ್ತದೆ ಎಂದು ನಮ್ಮ ಮಕ್ಕಳು ಏಳನೇ ಕ್ಲಾಸಿನಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದಾರೆ.

ಏಣಿಯ ಮೇಲಿರುವವನು ಎರಡು ಕಾಲು ಒಂದು ಕೈ, ಇಲ್ಲವೇ ಎರಡು ಕೈ ಒಂದು ಕಾಲು, ಹೀಗೆ ಯಾವಾಗಲೂ ಮೂರು ಕಡೆ ಏಣಿಗೆ ಅಂಟಿಕೊಂಡಿರಬೇಕು ಎಂಬುದು ಇನ್ನೊಂದು ಪಾಠ. ನಮ್ಮ ಪೇಂಟರಿನ ಒಂದು ಕೈಯಲ್ಲಿ ಡಬ್ಬ, ಇನ್ನೊಂದರಲ್ಲಿ ಬ್ರಷ್ಷು, ಬಾಯಲ್ಲಿ ಉಪ್ಪುಕಾಗದ. ಉಳಿದ ಎರಡು ಕಾಲುಗಳಲ್ಲಿ ಒಂದು ಏಣಿಯ ಮೇಲೆ, ಇನ್ನೊಂದು ಸಜ್ಜಾದ ಅಂಚಿನ ಮೇಲೆ. ಕೆಳಗೆ ನಿಂತ ನಾವು ಆ ಸ್ಥಿತಿಯಲ್ಲೂ ಅವನಿಗೆ ನೆರವಾಗುತ್ತೇವೆ: "ಅಲ್ಲೊಂಚೂರು ಬಿಟ್ಟೋಗಿದೆ ನೋಡಪ್ಪಾ. ಎಡಗಡೆ. ಇನ್ನೂ ಎಡಗಡೆ. ಕೈ ಚಾಚು, ಸಿಗತ್ತೆ." ಏಣಿಯಿಂದ ಬೀಳುವುದು ಹೇಗೆ ಎಂದು ಯಾರಾದರೂ ಕೈಪಿಡಿ ಬರೆದರೆ ಅದರ ಮೊದಲ ವಾಕ್ಯ ಇದೇ ಆಗುತ್ತದೆ. ಇಳಿದು, ಏಣಿಯನ್ನು ಎರಡಡಿ ಸರಿಸಿ, ಮತ್ತೆ ಹತ್ತು ಎಂದು ಹೇಳುವುದಕ್ಕೆ ನಮಗೆ ಆಗುವ ನಷ್ಟ ಎರಡು ನಿಮಿಷ. ಆದರೆ ದಿನಗೂಲಿ ನಮ್ಮದು. ನಿಮಿಷಗಳೂ ನಮ್ಮವೇ.

ಬೆಲ್ಟಿನ ಮಾತು ಬಂದರೆ ಪೇಂಟರೇ ನಮ್ಮನ್ನು ಪಾರು ಮಾಡುತ್ತಾನೆ. "ಬೇಡ ಸಾರ್, ಅಭ್ಯಾಸ ಇದೆ" ಎನ್ನುತ್ತಾನೆ. ಈ ನಾಲ್ಕು ಮಾತಿನಿಂದ ನಮ್ಮ ಆತ್ಮಸಾಕ್ಷಿಗೆ ಆಗುವ ತಂಪು ಯಾವ ಎಳನೀರಿನಿಂದಲೂ ಆಗದು. ಅಭ್ಯಾಸ ಇರುವುದು ಹತ್ತುವುದರಲ್ಲಿ. ಬೀಳುವ ಅಭ್ಯಾಸ ಯಾರಿಗೂ ಇರುವುದಿಲ್ಲ, ಅದಕ್ಕೆ ರಿಹರ್ಸಲ್ ಇಲ್ಲ. ಬೆಲ್ಟು ಹಾಕಿಕೊಂಡವರನ್ನೂ ನೋಡಿದ್ದೇನೆ. ಸೊಂಟಕ್ಕೆ ಬಿಗಿದ ಬೆಲ್ಟು, ಅದರಿಂದ ಇಳಿಬಿದ್ದ ಹಗ್ಗ, ಹಗ್ಗದ ತುದಿಯ ಕೊಕ್ಕೆ ಅದೇ ಬೆಲ್ಟಿಗೆ! ತನ್ನನ್ನು ತನಗೇ ಕಟ್ಟಿಕೊಂಡು ನಾಲ್ಕನೇ ಮಹಡಿಯಲ್ಲಿ ನೇತಾಡುವ ಈ ಸ್ವಾವಲಂಬನೆಯನ್ನು ಸೂಪರ್‌ವೈಸರ್ ಫೋಟೊ ತೆಗೆದು ಗ್ರೂಪಿಗೆ ಹಾಕಿದ್ದ. ಕೆಳಗೆ ಹನ್ನೊಂದು ಹೆಬ್ಬೆಟ್ಟು.

ಬಿದ್ದರೆ ಹೊಣೆ ಯಾರದು? ಇಲ್ಲಿ ನಮ್ಮ ಸಮಾಜ ಅದ್ಭುತವಾದ ವ್ಯವಸ್ಥೆ ಮಾಡಿಕೊಂಡಿದೆ. ಮನುಷ್ಯ ಏಣಿ ಹತ್ತುತ್ತಿದ್ದಂತೆ ಹೊಣೆ ಏಣಿ ಇಳಿಯುತ್ತದೆ. ಬಣ್ಣದ ಕಂಪನಿ ಡೀಲರನ್ನು ತೋರಿಸುತ್ತದೆ, ಡೀಲರು ಕಾಂಟ್ರ್ಯಾಕ್ಟರನ್ನು, ಕಾಂಟ್ರ್ಯಾಕ್ಟರು ಮೇಸ್ತ್ರಿಯನ್ನು. ಮೇಸ್ತ್ರಿ ಎಂದರೆ ಯಾರು? ನಿನ್ನೆಯವರೆಗೆ ತಾನೇ ಬ್ರಷ್ಷು ಹಿಡಿದಿದ್ದು, ಇವತ್ತು ಸಾಲ ಮಾಡಿ ಎರಡು ಏಣಿ, ಒಂದು ಮೊಪೆಡ್ಡು ಕೊಂಡವನು. ದೇಶದ ಕಟ್ಟಡ ನಿರ್ವಹಣಾ ಉದ್ಯಮದ ಅಷ್ಟೂ ಭಾರವನ್ನು ಈ ಮೊಪೆಡ್ಡಿನ ಕ್ಯಾರಿಯರಿಗೆ ಹೇರಿ ನಾವು ಗೇಟು ಹಾಕಿಕೊಂಡಿದ್ದೇವೆ.

ಕಾನೂನು ಇದನ್ನು ಕೊಂಚ ಬೇರೆಯಾಗಿ ನೋಡುತ್ತದೆ. ಕೆಲಸದ ವೇಳೆ, ಕೆಲಸದಿಂದಾಗಿ ಅಪಘಾತವಾದರೆ ಪರಿಹಾರ ಕೊಡುವವನು ಮಾಲೀಕ ಎಂದು 1923ರಲ್ಲೇ ಬ್ರಿಟಿಷರ ಕಾಲದ ಕಾಯ್ದೆ ಹೇಳಿತು. ಈಗ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯ ಹೊಟ್ಟೆಯೊಳಗಿದೆ. ಯಾವ ಕೆಲಸದವರಿಗೆ ಇದು ಅನ್ವಯ ಎಂಬ ಪಟ್ಟಿಯಲ್ಲಿ ಒಂದು ಅಂತಸ್ತಿಗಿಂತ ಹೆಚ್ಚಿನ, ಇಲ್ಲವೇ ನೆಲದಿಂದ ಚಾವಣಿಯ ತುದಿಗೆ 12 ಅಡಿ ಅಥವಾ ಅದಕ್ಕಿಂತ ಎತ್ತರದ ಕಟ್ಟಡದ ನಿರ್ಮಾಣ, ನಿರ್ವಹಣೆ, ರಿಪೇರಿ ಮಾಡುವವರು ಇದ್ದಾರೆ. ಹನ್ನೆರಡು ಅಡಿ! ನಮ್ಮ ಬಡಾವಣೆಯಲ್ಲಿ ಕಾರ್ ಶೆಡ್ಡಿನ ಮೇಲಿನ ಸಿಂಟೆಕ್ಸ್ ಟ್ಯಾಂಕೂ ಅದಕ್ಕಿಂತ ಎತ್ತರ.

ಇನ್ನೂ ಒಂದು ಸ್ವಾರಸ್ಯವಿದೆ. ತನ್ನ ವ್ಯಾಪಾರ ವಹಿವಾಟಿನ ಕೆಲಸವನ್ನು ಗುತ್ತಿಗೆಗೆ ಕೊಟ್ಟವನು ಗುತ್ತಿಗೆದಾರನ ಆಳುಗಳಿಗೂ ಹೊಣೆ. ಮನೆಗೆ ಬಣ್ಣ ಹೊಡೆಸುವುದು ಬ್ಯಾಂಕು ನೌಕರನ ವಹಿವಾಟಲ್ಲವಾದ್ದರಿಂದ ಅವನು ಇಲ್ಲಿ ನುಣುಚಿಕೊಳ್ಳಬಹುದು. ಆದರೆ ನುಣುಚಿಕೊಳ್ಳಲು ಮಧ್ಯೆ ಒಬ್ಬ ಗುತ್ತಿಗೆದಾರ ಬೇಕಲ್ಲ. ನಮ್ಮ ಗೃಹಸ್ಥ ಜಾಣ. "ಮೇಸ್ತ್ರಿಗ್ಯಾಕೆ ಕಮಿಷನ್ನು, ನೀನೇ ಬಂದ್ಬಿಡಪ್ಪಾ, ದಿನದ ಲೆಕ್ಕದಲ್ಲಿ ಕೊಡ್ತೀನಿ" ಎಂದು ಪೇಂಟರನ್ನು ನೇರವಾಗಿ ಕರೆಸುತ್ತಾನೆ. ಹಿಂದೆ ಇಂಥ ಆಕಸ್ಮಿಕ ಕೂಲಿಯವನು ಕಾಯ್ದೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಆ ವಿನಾಯಿತಿಯನ್ನು 2000ದ ತಿದ್ದುಪಡಿ ಕಿತ್ತುಹಾಕಿತು. ಮೇಸ್ತ್ರಿಯ ಕಮಿಷನ್ ಉಳಿಸಿದ ಖುಷಿಯಲ್ಲಿ ಗೃಹಸ್ಥ, ಮಾಲೀಕನೆಂಬ ಪಟ್ಟ ತನ್ನ ತಲೆಗೇ ಬರುವ ದಾರಿಯನ್ನು ಗುಡಿಸಿ ರಂಗೋಲಿ ಇಟ್ಟಿರುತ್ತಾನೆ.

ಸರ್ಕಾರವೂ ಗೃಹಸ್ಥನ ಕಷ್ಟ ಅರಿಯದ್ದಲ್ಲ. ಕಟ್ಟಡ ಕಾರ್ಮಿಕರ ಸುರಕ್ಷತೆಗೆಂದು 1996ರಲ್ಲಿ ಕಾಯ್ದೆ ತಂದಾಗ, ಸ್ವಂತ ವಾಸದ ಮನೆಯ ಕೆಲಸ 10 ಲಕ್ಷ ರೂಪಾಯಿ ಮೀರದಿದ್ದರೆ ಅದನ್ನು ಕೈಬಿಟ್ಟರು. ಹತ್ತಕ್ಕಿಂತ ಕಡಿಮೆ ಕೆಲಸಗಾರರಿದ್ದರೂ ಕೈಬಿಟ್ಟರು. 2020ರ ಹೊಸ ಸಂಹಿತೆಯಲ್ಲಿ 10 ಲಕ್ಷದ ಮಿತಿಯನ್ನು 50 ಲಕ್ಷಕ್ಕೆ ಏರಿಸಿದ್ದಾರೆ. ಹಣದುಬ್ಬರಕ್ಕೆ ತಕ್ಕಂತೆ ಮಿತಿ ಏರಬೇಕಾದ್ದೇ. ಗುರುತ್ವಾಕರ್ಷಣೆ ಒಂದು 1996ರ ದರದಲ್ಲೇ ಉಳಿದುಕೊಂಡಿದೆ.

ಸ್ವಂತ ಕೈಯಾರೆ ಹತ್ತುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡೈನಿಂಗ್ ಟೇಬಲ್ಲು, ಅದರ ಮೇಲೆ ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ದೀಪಾವಳಿಯ ಹಿಂದಿನ ಭಾನುವಾರದ ಯಜಮಾನರು, ಕೈಯಲ್ಲಿ ಜೇಡರಬಲೆಯ ಕೋಲು: ಈ ಗೋಪುರವನ್ನು ಎಲ್ಲರೂ ಕಂಡಿದ್ದೀರಿ. ಬಿದ್ದರೆ ಅವರಿಗೆ ಆಫೀಸಿನ ಮೆಡಿಕ್ಲೈಮ್ ಇದೆ, ಕಾಲಿಗೆ ಕಟ್ಟಿದ ಪಟ್ಟಿಯ ಮೇಲೆ ಸಹಿ ಹಾಕಲು ಮೊಮ್ಮಕ್ಕಳಿದ್ದಾರೆ. ಅದೇ ಕುರ್ಚಿಯ ಮೇಲೆ ಫ್ಯಾನು ಒರೆಸಲು ಮನೆಗೆಲಸದವಳನ್ನು ಹತ್ತಿಸಿದಾಗ ಮಾತ್ರ ವಿಷಯ ಬೇರೆ. ಅವಳು ಜಾರಿದರೆ ಒಂದು ಡೋಲೋ ಮಾತ್ರೆ, ಒಂದು ಲೋಟ ಕಾಫಿ, ಅರ್ಧ ದಿನದ ರಜೆ. ಅಮ್ಮಾವ್ರದು ದೊಡ್ಡ ಮನಸ್ಸು.

ಇನ್ನು ಅಪಾರ್ಟ್‌ಮೆಂಟಿನ ನಿರ್ವಹಣಾ ಸಮಿತಿ. ಈ ಸಮಿತಿ ಎಲ್ಲ ಊರಿನಲ್ಲೂ ಒಂದೇ, ಆದ್ದರಿಂದ ಹೆಸರು ಬೇಡ. ಹೊರಗೋಡೆಗೆ ಬಣ್ಣ ಹೊಡೆಸಬೇಕು, ಮೂರು ಕೊಟೇಷನ್ ಬಂದಿವೆ. ಮೊದಲನೆಯದರಲ್ಲಿ ಸಾರುವೆ, ಬಲೆ, ಎರಡೆರಡು ಹಗ್ಗ, ಹಾರ್ನೆಸ್ಸು, ಕೆಲಸಗಾರರ ಪರಿಹಾರ ವಿಮೆ ಎಲ್ಲ ಇದೆ. ಎರಡನೆಯದರಲ್ಲಿ ಸಾರುವೆ ಇದೆ. ಮೂರನೆಯದರಲ್ಲಿ ಎರಡು ಹಗ್ಗದ ಮಧ್ಯೆ ಕಟ್ಟಿದ ಒಂದು ಹಲಗೆ, ಅದರ ಮೇಲೆ ಮನುಷ್ಯ. ಸಮಿತಿ ತಾಂತ್ರಿಕವಾಗಿ ಚರ್ಚಿಸಿತು. ಮೂವರೂ ಹೊಡೆಯುವುದು ಅದೇ ಕಂಪನಿಯ ಅದೇ ಎಮಲ್ಷನ್, ಕೋಟೂ ಅಷ್ಟೇ, ಗೋಡೆಗೆ ವಾರಂಟಿಯೂ ಅಷ್ಟೇ. ಆಮೇಲೆ ದರ ಹೆಚ್ಚು ಯಾಕೆ ಎಂದು ಖಜಾಂಚಿಗಳು ಕೇಳಿದರು. ವ್ಯತ್ಯಾಸವಿರುವುದು ಗೋಡೆಗೆ ಅಂಟದ ಸಾಮಾನುಗಳಲ್ಲಿ ಎಂದು ತಿಳಿದ ಮೇಲೆ ಮೂರನೆಯದು ಸರ್ವಾನುಮತದಿಂದ ಪಾಸಾಯಿತು.

ಕಾರ್ಯದರ್ಶಿಗಳು ಮುಂದಾಲೋಚನೆಯವರು. ನೂರು ರೂಪಾಯಿಯ ಇ-ಸ್ಟಾಂಪ್ ಕಾಗದ ತರಿಸಿದ್ದರು. "ಕೆಲಸದ ವೇಳೆ ಕಾರ್ಮಿಕರಿಗೆ ಏನೇ ಆದರೂ ಸಂಘವು ಜವಾಬ್ದಾರಿಯಲ್ಲ, ಯಾವುದೇ ಪರಿಹಾರ ಕೇಳುವುದಿಲ್ಲ" ಎಂದು ಬರೆಸಿ, ಆರು ಜನ ಪೇಂಟರುಗಳಿಂದಲೂ ರುಜು ಹಾಕಿಸಿಕೊಳ್ಳುವ ಯೋಜನೆ. ಸಭೆಯಲ್ಲಿ ಬಿ ಬ್ಲಾಕಿನ ನಿವೃತ್ತ ವಕೀಲರು ಬಿಸ್ಕತ್ತು ತಿನ್ನುತ್ತಿದ್ದವರು ಕೈ ಎತ್ತಿದರು.

"ಆ ಕಾಗದಕ್ಕೆ ಬೆಲೆ ಇಲ್ರೀ. ಪರಿಹಾರ ಬಿಟ್ಟುಕೊಟ್ಟೆ ಅಂತ ಕೆಲಸಗಾರ ಬರೆದುಕೊಟ್ಟ ಕರಾರು ಕಾನೂನಿನಲ್ಲಿ ಅನೂರ್ಜಿತ. ನೂರು ವರ್ಷದ ಮೇಲಾಯ್ತು ಹಾಗಂತ ಇದೆ."

"ನೂರು ರೂಪಾಯಿ ಕೊಟ್ಟಿದೀವಲ್ಲ ಸಾರ್?"

"ಸಾವಿರ ಕೊಟ್ಟರೂ ಅಷ್ಟೇ."

"ಆಯ್ತು, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮನೆಯವರ ಕೈಗೆ ಒಂದೈವತ್ತು ಸಾವಿರ ಕೊಟ್ಟು ಸೆಟಲ್ ಮಾಡೋಣ."

"ಸಾವಾದರೆ ಪರಿಹಾರದ ಹಣವನ್ನು ಮಾಲೀಕ ಪ್ರಾಧಿಕಾರದ ಮುಂದೆ ಠೇವಣಿ ಇಡಬೇಕು. ಕೈಗೆ ಕೊಟ್ಟದ್ದು ಪರಿಹಾರ ಅನ್ನಿಸಿಕೊಳ್ಳೋದಿಲ್ಲ. ಮತ್ತೆ ಕೊಡಬೇಕಾಗತ್ತೆ. ಒಂದು ತಿಂಗಳೊಳಗೆ ಕೊಡದಿದ್ರೆ ಶೇ 12 ಬಡ್ಡಿ, ಸಕಾರಣ ಇಲ್ಲ ಅಂದ್ರೆ ಅರ್ಧದವರೆಗೂ ದಂಡ."

ಅಧ್ಯಕ್ಷರು ಬ್ರಹ್ಮಾಸ್ತ್ರ ತೆಗೆದರು. "ಕುಡಿದಿದ್ದ ಅಂತ ಬರೆಸಿದ್ರೆ?"

ಇದು ನಮ್ಮ ನಾಡಿನ ಅತ್ಯಂತ ಜನಪ್ರಿಯ ಮರಣೋತ್ತರ ಪರೀಕ್ಷೆ. ಏಣಿ ಮುರಿದದ್ದು, ಹಗ್ಗ ಸವೆದದ್ದು, ಸಜ್ಜಾ ಪಾಚಿಗಟ್ಟಿದ್ದು ಯಾವುದೂ ಕಾಣುವ ಮೊದಲೇ ಬಿದ್ದವನ ಬಾಯಿಯ ವಾಸನೆ ಇಡೀ ಬೀದಿಗೆ ಬಡಿದಿರುತ್ತದೆ. ವಕೀಲರು ಇನ್ನೊಂದು ಬಿಸ್ಕತ್ತು ತೆಗೆದುಕೊಂಡರು. ಸಣ್ಣಪುಟ್ಟ ಗಾಯವಾದರೆ ಆ ವಾದ ನಡೆಯಬಹುದು. ಸತ್ತರೆ ಅಥವಾ ದುಡಿಯುವ ಶಕ್ತಿ ಶಾಶ್ವತವಾಗಿ ಪೂರ್ತಿ ಹೋದರೆ ಕುಡಿದಿದ್ದ ಎಂಬ ಕಾರಣಕ್ಕೆ ಪರಿಹಾರ ತಪ್ಪುವುದಿಲ್ಲ ಎಂದರು. ಜೊತೆಗೆ ಕಾಗದದ ತಟ್ಟೆಯ ಹಿಂಬದಿಯಲ್ಲಿ ಲೆಕ್ಕವನ್ನೂ ಮಾಡಿ ತೋರಿಸಿದರು. ಪೇಂಟರಿಗೆ ನಲವತ್ತು ವರ್ಷ ಎಂದಿಟ್ಟುಕೊಳ್ಳಿ. ಎಷ್ಟೇ ದುಡಿಯಲಿ, ಲೆಕ್ಕಕ್ಕೆ ಹಿಡಿಯುವ ತಿಂಗಳ ಕೂಲಿ 2020ರ ಅಧಿಸೂಚನೆಯಂತೆ 15,000ದವರೆಗೆ ಮಾತ್ರ. ಅದರ ಅರ್ಧ 7,500. ನಲವತ್ತರ ವಯಸ್ಸಿಗೆ ಕಾಯ್ದೆಯ ಕೋಷ್ಟಕದಲ್ಲಿರುವ ಗುಣಕ 184.17. ಗುಣಿಸಿದರೆ 13,81,275 ರೂಪಾಯಿ. ಮೇಲೆ ಶವಸಂಸ್ಕಾರದ ಖರ್ಚು. ನಿರ್ಲಕ್ಷ್ಯದಿಂದ ಸಾವು ಎಂದು ಪೊಲೀಸರು ಕೇಸು ಹಾಕಿದರೆ ಅದು ಬೇರೆ ಖಾತೆ. ಹಳೆಯ ದಂಡಸಂಹಿತೆಯಲ್ಲಿ ಅದಕ್ಕೆ ಎರಡು ವರ್ಷದವರೆಗೆ ಇದ್ದ ಜೈಲು ಈಗಿನ ನ್ಯಾಯ ಸಂಹಿತೆಯ 106ನೆಯ ಕಲಮಿನಲ್ಲಿ ಐದು ವರ್ಷದವರೆಗೆ ಹೋಗಿದೆ.

ಸಭೆಯಲ್ಲಿ ಬಣ್ಣದ ಶೇಡು ಮುಗಿದ ಮೇಲೆ ಮೊದಲ ಬಾರಿ ಮೌನ ನೆಲೆಸಿತು. "ಸಂಘ ಮಾಲೀಕನೇ ಅಲ್ಲ, ಕಾಂಟ್ರ್ಯಾಕ್ಟರು ತಾನೇ ಮಾಲೀಕ?" ಎಂದು ಯಾರೋ ಕೇಳಿದರು. "ವಾದ ಮಾಡಬಹುದು" ಎಂದರು ವಕೀಲರು. ಫೀಸು ಇಲ್ಲದೆ ಅವರು ಅದಕ್ಕಿಂತ ಹೆಚ್ಚು ಹೇಳುವವರಲ್ಲ. ಮೊದಲ ಕೊಟೇಷನ್ನನ್ನು ಮತ್ತೊಮ್ಮೆ ನೋಡಬಹುದಲ್ಲ ಎಂದು ಮೂಲೆಯಲ್ಲಿದ್ದ ಹೆಂಗಸೊಬ್ಬರು ಹೇಳಿದ್ದು ಕಲಾಪದ ದಾಖಲೆಗೆ ಹೋಗಲಿಲ್ಲ. ಆಗ ಎ ಬ್ಲಾಕಿನ ಬ್ಯಾಂಕಿನವರು ಬೆಳಕು ಚೆಲ್ಲಿದರು: ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಅಂತ ಇದೆ. 2015ರಲ್ಲಿ ಶುರುವಾದಾಗ ವರ್ಷಕ್ಕೆ 12 ರೂಪಾಯಿ, ಈಗ 20. ಹದಿನೆಂಟರಿಂದ ಎಪ್ಪತ್ತು ವರ್ಷದವರಿಗೆ, ಬ್ಯಾಂಕ್ ಖಾತೆ ಇದ್ದರೆ ಸಾಕು. ಅಪಘಾತದಲ್ಲಿ ಸತ್ತರೆ ಎರಡು ಲಕ್ಷ.

ಅದು ಸಿಗುವುದು ಪೇಂಟರ ಸ್ವಂತ ಖಾತೆಯಿಂದ ಕಟ್ಟಿದ ಸ್ವಂತ ವಿಮೆಯಿಂದ, ಅದಕ್ಕೂ ನಿಮ್ಮ ಹೊಣೆಗೂ ಸಂಬಂಧವಿಲ್ಲ ಎಂದು ವಕೀಲರು ಹೇಳುವಷ್ಟರಲ್ಲಿ ಚಪ್ಪಾಳೆ ಬಿದ್ದಾಗಿತ್ತು. ತಲೆಗೆ ಇಪ್ಪತ್ತು, ಆರು ಜನಕ್ಕೆ ನೂರಿಪ್ಪತ್ತು! ಸ್ಟಾಂಪ್ ಕಾಗದಕ್ಕಿಂತ ಇಪ್ಪತ್ತೇ ರೂಪಾಯಿ ಜಾಸ್ತಿ. ಮಾನವೀಯ ದೃಷ್ಟಿಯಿಂದ ಈ ವೆಚ್ಚವನ್ನು ಸಂಘವೇ ಭರಿಸತಕ್ಕದ್ದು ಎಂದು ಠರಾವು ಬರೆಯಲಾಯಿತು. ಅಧ್ಯಕ್ಷರು ರುಜು ಹಾಕಲು ಪೆನ್ನಿನ ಕ್ಯಾಪು ತೆಗೆಯುವಾಗ ಖಜಾಂಚಿಗಳು ತಡೆದರು.

"ಒಂದ್ನಿಮಿಷ. ವಿಮೆ ವರ್ಷಪೂರ್ತಿ. ನಮ್ಮ ಕೆಲಸ ಎರಡೇ ತಿಂಗಳು. ಮಿಕ್ಕ ಹತ್ತು ತಿಂಗಳು ಅವರು ಬೇರೆ ಕಡೆ ಹತ್ತೋದಕ್ಕೆ ನಾವ್ಯಾಕೆ ಕಟ್ಟಬೇಕು? ತಲೆಗೆ ಹದಿನಾರು ರೂಪಾಯಿ ಅರವತ್ತೇಳು ಪೈಸೆ ಬರತ್ತೆ. ಕೊನೇ ಬಿಲ್ಲಿನಲ್ಲಿ ಹಿಡ್ಕೊಳ್ಳೋಣ."